ತಾಳ ತಪ್ಪಿಸಿದ್ದು ಯಾರು?

ಮನೆಯಲ್ಲೇ ರೆಕಾರ್ಡ್ ಮಾಡಿದ ಹಾಡುಗಳನ್ನು ಕೇಳುವಾಗ ಒಂದು ವಿಷಯ ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ. ದನಿ ಚೆನ್ನಾಗಿರುತ್ತದೆ. ಶ್ರುತಿ ಗಟ್ಟಿಯಾಗಿ ನಿಂತಿರುತ್ತದೆ. ಆದರೆ ಹಾಡು ಮೃದಂಗಕ್ಕಿಂತ ಒಂದು ಎಳೆಯಷ್ಟು ಹಿಂದೆ ಇರುತ್ತದೆ. ಕೇಳಿದವರು "ತಾಳ ಸ್ವಲ್ಪ ಎಳೀತಿದೆ ಅಲ್ವಾ?" ಅನ್ನುತ್ತಾರೆ. ಹಾಡಿದವರು ಏನೂ ಹೇಳದೆ ಒಪ್ಪಿಕೊಂಡುಬಿಡುತ್ತಾರೆ. ನಾನು ಅದೇ ಹಾಡನ್ನು ಇನ್ನೊಂದು ಸಲ ಹಾಕಿ ಕೇಳುತ್ತೇನೆ. ಪಲ್ಲವಿಯಲ್ಲಿ ಎಷ್ಟು ಹಿಂದಿದೆಯೋ ಮೂರನೇ ಚರಣದಲ್ಲೂ ಅಷ್ಟೇ ಹಿಂದಿರುತ್ತದೆ. ಮನುಷ್ಯರು ತಾಳ ತಪ್ಪುವುದು ಹೀಗಲ್ಲ. ಲಯ ಗಟ್ಟಿ ಇಲ್ಲದವರು ಒಂದು ಕಡೆ ಓಡುತ್ತಾರೆ, ಇನ್ನೊಂದು ಕಡೆ ಎಳೆಯುತ್ತಾರೆ. ಉಸಿರು ಸಾಲದ ಜಾಗದಲ್ಲಿ ತಡವರಿಸುತ್ತಾರೆ, ಚೆನ್ನಾಗಿ ಗೊತ್ತಿರುವ ಸಾಲು ಬಂದ ಕೂಡಲೇ ಮುಂದೆ ಹೋಗಿಬಿಡುತ್ತಾರೆ. ಮೊದಲಿಂದ ಕೊನೆಯವರೆಗೆ ಒಂದೇ ಅಳತೆಯಲ್ಲಿ ತಡವಾಗಿ ಹಾಡುವುದು ದೊಡ್ಡ ವಿದ್ವಾಂಸರಿಗೂ ಆಗದ ಮಾತು. ಅದು ಕಂಪ್ಯೂಟರ್ ಮಾಡುವ ಕೆಲಸ.

ಈಗ ಬೆಂಗಳೂರಿನಲ್ಲಿ ಎಷ್ಟೊಂದು ಮನೆಗಳಲ್ಲಿ ಇಂಥ ರೆಕಾರ್ಡಿಂಗ್ ನಡೆಯುತ್ತಿದೆ. ಸ್ಪರ್ಧೆಗೆ ಕಳಿಸಲು ಮಕ್ಕಳು ಹಾಡುತ್ತಾರೆ. ಸುಗಮ ಸಂಗೀತ ಹಾಡುವವರು ರಾಗ ಹಾಕಿದ ಕೂಡಲೇ ಮನೆಯಲ್ಲೇ ಒಂದು ಟ್ರ್ಯಾಕ್ ಮಾಡಿಕೊಳ್ಳುತ್ತಾರೆ. ಪಾಠ ಹೇಳುವವರು ದೂರದ ಶಿಷ್ಯರಿಗೆ ಹಾಡಿ ಕಳಿಸುತ್ತಾರೆ. ಒಂದು ಮೈಕು, ಮೈಕಿನ ಸದ್ದನ್ನು ಕಂಪ್ಯೂಟರಿಗೆ ದಾಟಿಸುವ ಆಡಿಯೊ ಇಂಟರ್‌ಫೇಸ್ ಅನ್ನುವ ಒಂದು ಸಣ್ಣ ಪೆಟ್ಟಿಗೆ, ಒಂದು ಲ್ಯಾಪ್‌ಟಾಪ್, ಅಷ್ಟೇ ಸಾಕು. ಆದರೆ ಈ ಮೂರರ ನಡುವೆ ಕಾಲ ಎಲ್ಲಿ ಸೋರುತ್ತದೆ ಅನ್ನುವುದನ್ನು ಯಾರೂ ಹೇಳಿಕೊಡುವುದಿಲ್ಲ. ಸೋರಿದ ಕಾಲದ ಲೆಕ್ಕವೆಲ್ಲ ಕೊನೆಗೆ ಹಾಡಿದವರ ತಲೆಗೆ ಬರುತ್ತದೆ. ಇದು ನನಗೆ ಸಹಿಸಲು ಆಗುವುದಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

2020ರ ಲಾಕ್‌ಡೌನ್ ನೆನಪಿದೆಯಲ್ಲ. ಸಂಗೀತದ ಪಾಠಗಳೆಲ್ಲ ವಿಡಿಯೊ ಕಾಲ್‌ಗೆ ಹೋದವು. ಮೇಷ್ಟ್ರು ಈ ಕಡೆ ತಾಳ ಹಾಕಿದರೆ ಮಗು ಆ ಕಡೆಯಿಂದ ಯಾವಾಗಲೂ ಒಂದು ಹೆಜ್ಜೆ ಹಿಂದೆ ಹಾಡುತ್ತಿತ್ತು. ಆಗ ಎಲ್ಲರಿಗೂ ಗೊತ್ತಿತ್ತು, ತಡ ನೆಟ್‌ನದು ಅಂತ. ಯಾರೂ ಮಗುವನ್ನು ಬೈಯಲಿಲ್ಲ. "ನೀನೇ ತಾಳ ಹಾಕಿಕೊಂಡು ಹಾಡು, ನಾನು ಕೇಳ್ತೀನಿ" ಅಂತ ಪಾಠದ ಕ್ರಮವನ್ನೇ ಬದಲಾಯಿಸಿಕೊಂಡರು. ಅದೇ ತಡ ಒಂದೇ ಕೋಣೆಯೊಳಗೆ, ಒಂದೇ ಲ್ಯಾಪ್‌ಟಾಪಿನೊಳಗೆ ಬಂದಾಗ ಮಾತ್ರ ನಮ್ಮ ಕಣ್ಣಿಗೆ ಕಾಣುವುದಿಲ್ಲ.

ದೊಡ್ಡಮ್ಮನ ಕೋಣೆ

ನಮ್ಮ ದೊಡ್ಡಮ್ಮ ತ್ಯಾಗರಾಜನಗರದಲ್ಲಿ ಸಂಗೀತ ಹೇಳಿಕೊಡುತ್ತಾರೆ. ಆ ಬೀದಿಯಲ್ಲಿ ಸರಳೆ ಜಂಟಿಯನ್ನು ಅವರ ಹತ್ತಿರ ಕಲಿಯದ ಮನೆ ಕಡಿಮೆ. ಮದುವೆಯಾಗಿ ಬೇರೆ ಬೇರೆ ಊರಿಗೆ ಹೋದ ಶಿಷ್ಯೆಯರು ಕೇಳುತ್ತಿದ್ದರು ಅಂತ ಅವರು ಒಂದಷ್ಟು ದೇವರನಾಮಗಳನ್ನು ರೆಕಾರ್ಡ್ ಮಾಡಲು ಹೊರಟರು. ದೇವರ ಮನೆಯ ಪಕ್ಕದ ಕೋಣೆ. ಬಟ್ಟೆ ತುಂಬಿದ ಎರಡು ಬೀರು, ಗೋಡೆಗೆ ಒರಗಿಸಿದ ಹಾಸಿಗೆ, ಕಿಟಕಿಗೆ ದಪ್ಪ ಕಂಬಳಿ. ಮೃದಂಗ ಬಾರಿಸುವ ಹುಡುಗ ರಾಜಾಜಿನಗರದವನು. ಅವನು ತನ್ನ ಮನೆಯಲ್ಲೇ ಬಾರಿಸಿ ಟ್ರ್ಯಾಕ್ ಕಳಿಸಿದ್ದ. ಅದನ್ನು ಕೇಳಿಕೊಂಡು ದೊಡ್ಡಮ್ಮ ಹಾಡಬೇಕು. ಮಗ ಕಳಿಸಿದ ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡು ಅವರೇ ಒಂದಷ್ಟು ದಿನ ಹಾಡಿ ಹಾಡಿ ನೋಡಿದ್ದರು.

ನಾನು ಹೋದ ದಿನ ಅವರು ಹೆಡ್‌ಫೋನ್ ತೆಗೆದು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. "ನನ್ನ ಲಯ ಹೋಯ್ತು ಕಣೋ. ಹಾಡುವಾಗ ಸರಿಯಾಗೇ ಇದೆ ಅನ್ಸುತ್ತೆ. ಆಮೇಲೆ ಕೇಳಿದ್ರೆ ಪೂರ್ತಿ ಹಿಂದೆ ಇರ್ತೀನಿ. ವಯಸ್ಸಾಯ್ತು. ಇನ್ನು ಮಕ್ಕಳಿಗೆ ಏನು ತಾಳ ಹೇಳಿಕೊಡ್ಲಿ, ಪಾಠ ನಿಲ್ಲಿಸಿಬಿಡೋದೇ ವಾಸಿ" ಅಂದರು. ದನಿಯಲ್ಲಿ ಕೋಪ ಇರಲಿಲ್ಲ. ತೀರ್ಮಾನ ಮಾಡಿದವರ ಹಾಗೆ ಹೇಳಿದರು. ಜೀವಮಾನವಿಡೀ ತೊಡೆಯ ಮೇಲೆ ತಾಳ ಹಾಕಿದ ಕೈ ಅದು. ನನಗೆ ಹೊಟ್ಟೆ ತೊಳಸಿದಂತಾಯಿತು.

"ದೊಡ್ಡಮ್ಮ, ಇದೆಲ್ಲ ಪಕ್ಕಕ್ಕಿಡಿ. ಒಂದು ವರ್ಣ ಹಾಡಿ, ಎರಡು ಕಾಲದಲ್ಲಿ" ಅಂದೆ. ಹಾಡಿದರು. ಮೊದಲ ಕಾಲ, ಆಮೇಲೆ ಅದರ ಎರಡರಷ್ಟು ವೇಗದ ಎರಡನೇ ಕಾಲ. ಪ್ರತಿ ಆವರ್ತಕ್ಕೂ ಸರಿಯಾಗಿ ಸಮಕ್ಕೆ ಬಂದು ನಿಂತರು. ಫೋನಿನಲ್ಲಿ ಮೆಟ್ರೊನೋಮ್ ಹಾಕಿ ಸದ್ದಿಲ್ಲದೆ ಬೆಳಕು ಮಾತ್ರ ನೋಡುತ್ತಾ ಇದ್ದೆ. ಬೆಳಕಿಗೂ ಅವರ ಕೈಗೂ ವ್ಯತ್ಯಾಸವೇ ಇರಲಿಲ್ಲ. ಅಂದಮೇಲೆ ತಡ ಎಲ್ಲಿಂದಲೋ ಬರುತ್ತಿದೆ. ಹುಡುಕಬೇಕು.

ಮೊದಲು ಸಿಕ್ಕಿದ್ದು ಬ್ಲೂಟೂತ್. ಹೆಡ್‌ಫೋನಿಗೆ ಸದ್ದು ಕಳಿಸುವ ಮೊದಲು ಕಂಪ್ಯೂಟರ್ ಅದನ್ನು ಕುಗ್ಗಿಸಿ ಪೊಟ್ಟಣ ಕಟ್ಟುತ್ತದೆ. ಹೆಡ್‌ಫೋನ್ ಆ ಪೊಟ್ಟಣ ಬಿಚ್ಚಿ ಸದ್ದು ಮಾಡುತ್ತದೆ. ಸಾಮಾನ್ಯ ಬ್ಲೂಟೂತ್‌ನಲ್ಲಿ ಇದಕ್ಕೆ 100ರಿಂದ 200 ಮಿಲಿಸೆಕೆಂಡ್, ಕೆಲವು ಸಲ ಇನ್ನೂ ಜಾಸ್ತಿ ಹಿಡಿಯುತ್ತದೆ. ದೊಡ್ಡಮ್ಮ ತಾವು ಕೇಳಿದ ಮೃದಂಗಕ್ಕೆ ಕರಾರುವಾಕ್ಕಾಗಿ ಹಾಡುತ್ತಿದ್ದರು. ಆದರೆ ಅವರ ಕಿವಿಗೆ ಆ ಮೃದಂಗ ಬಂದದ್ದೇ ತಡವಾಗಿ. ಆದಿತಾಳದಲ್ಲಿ ನಿಮಿಷಕ್ಕೆ 80 ಅಕ್ಷರದ (ತಾಳದ ಒಂದು ಎಣಿಕೆಯೇ ಒಂದು ಅಕ್ಷರ) ನಡೆ ಇಟ್ಟುಕೊಂಡರೆ ಒಂದು ಅಕ್ಷರಕ್ಕೆ 750 ಮಿಲಿಸೆಕೆಂಡ್. ಅದನ್ನು ನಾಲ್ಕಾಗಿ ಒಡೆದರೆ ಒಂದು ಮಾತ್ರೆಗೆ 187 ಚಿಲ್ಲರೆ. ಬ್ಲೂಟೂತ್ ತಡ ಹೆಚ್ಚು ಕಡಿಮೆ ಅಷ್ಟೇ. ಒಂದು ಪೂರ್ತಿ ಮಾತ್ರೆ ಹಿಂದೆ! ಯಾವ ಸಂಗೀತಗಾರರಿಗೆ ತಾನೇ ಇದನ್ನು ಕೇಳಿ ಎದೆ ಧಸಕ್ ಅನ್ನುವುದಿಲ್ಲ?

ಇಲ್ಲಿ ಒಂದು ಹಳೆಯ ಸಂಶೋಧನೆ ನೆನಪಿಗೆ ಬರುತ್ತದೆ. 1950ರ ಸುಮಾರಿಗೆ ಅಮೆರಿಕದಲ್ಲಿ ಬರ್ನಾರ್ಡ್ ಲೀ ಎಂಬುವರು ಜನರಿಗೆ ಅವರದೇ ಮಾತನ್ನು ಸ್ವಲ್ಪ ತಡ ಮಾಡಿ ಕಿವಿಗೆ ಕೇಳಿಸಿದರು. ಚೆನ್ನಾಗಿ ಮಾತಾಡುವವರೂ ತೊದಲತೊಡಗಿದರು. ತಡ 200 ಮಿಲಿಸೆಕೆಂಡ್ ಹತ್ತಿರ ಇದ್ದಾಗ ತೊಂದರೆ ಅತಿ ಹೆಚ್ಚು ಅಂತ ಆಮೇಲಿನ ಅಧ್ಯಯನಗಳೂ ಹೇಳಿದವು. ಬ್ಲೂಟೂತ್ ಹಾಕಿಕೊಂಡು ತನ್ನ ದನಿಯನ್ನೇ ಕೇಳುತ್ತಾ ಹಾಡುವವರು ಸರಿಯಾಗಿ ಈ ಅಳತೆಯ ಬಲೆಗೇ ಬೀಳುತ್ತಾರೆ. ವರ್ಷಗಟ್ಟಲೆ ಸಾಧನೆ ಮಾಡಿದವರೂ ಅಲ್ಲಿ ತಡವರಿಸುತ್ತಾರೆ. ರೆಕಾರ್ಡಿಂಗ್‌ಗೆ ಬ್ಲೂಟೂತ್ ಬೇಡವೇ ಬೇಡ. ವೈರ್ ಇರುವ ಹೆಡ್‌ಫೋನ್ ಎಷ್ಟೇ ಅಗ್ಗದ್ದಾದರೂ ಈ ಕೆಲಸಕ್ಕೆ ಅದೇ ಮೇಲು.

ಕಾಲ ಎಲ್ಲಿ ಸೋರುತ್ತದೆ

ವೈರ್ ಹೆಡ್‌ಫೋನ್ ಹಾಕಿದ ಮೇಲೆ ದೊಡ್ಡ ತಡ ಹೋಯಿತು. ಈಗ ದೊಡ್ಡಮ್ಮನಿಗೆ ಬೇರೆ ತೊಂದರೆ. "ನನ್ನ ದನೀನೇ ನನ್ನ ಹಿಂದೆ ಬರ್ತಿದೆ. ಬಾವಿಯೊಳಗೆ ನಿಂತು ಹಾಡಿದ ಹಾಗಿದೆ" ಅಂದರು. ಹಾಡಿನ ವೇಗ ತಾನಾಗಿ ಇಳಿಯುತ್ತಿತ್ತು. ಇದು ಬಫರ್‌ನ ವಿಷಯ.

ಕಂಪ್ಯೂಟರ್ ಸದ್ದನ್ನು ಹರಿಯುವ ನೀರಿನ ಹಾಗೆ ತೆಗೆದುಕೊಳ್ಳುವುದಿಲ್ಲ. ಸೆಕೆಂಡಿಗೆ 48,000 ಸಲ ಅಳೆದು, ಆ ಅಳತೆಗಳನ್ನು ಗುಂಪು ಕಟ್ಟಿ, ಗುಂಪು ಗುಂಪಾಗಿ ಕೆಲಸ ಮಾಡುತ್ತದೆ. ಆ ಗುಂಪಿನ ಗಾತ್ರವೇ ಬಫರ್. ಮದುವೆ ಮನೆಯ ಪಂಕ್ತಿಯಲ್ಲಿ ಸಾರು ಬಡಿಸುವವರನ್ನು ನೆನೆಸಿಕೊಳ್ಳಿ. ಸಣ್ಣ ಪಾತ್ರೆ ಹಿಡಿದು ಬಂದರೆ ಸಾರು ಬಿಸಿಯಾಗಿ, ಒಲೆಯಿಂದ ಇಳಿದ ಕೂಡಲೇ ಎಲೆಗೆ ಬರುತ್ತದೆ. ಆದರೆ ಅವರು ಪದೇ ಪದೇ ಅಡುಗೆ ಮನೆಗೆ ಓಡಬೇಕು. ಒಂದು ಸಲ ಅಡುಗೆಯವರು ತಡ ಮಾಡಿದರೂ ಯಾರದೋ ಎಲೆ ಖಾಲಿ. ದೊಡ್ಡ ಬಕೆಟ್ಟು ತುಂಬಿಕೊಂಡು ಬಂದರೆ ಯಾರ ಎಲೆಯೂ ಖಾಲಿ ಇರುವುದಿಲ್ಲ, ಆದರೆ ಬಕೆಟ್ಟು ತುಂಬುವವರೆಗೆ ಎಲ್ಲರೂ ಕಾಯಬೇಕು. ಆ ಕಾಯುವಿಕೆ ತಡ. ಆ ಖಾಲಿ ಎಲೆಯೇ ರೆಕಾರ್ಡಿಂಗ್‌ನಲ್ಲಿ ನಡುನಡುವೆ ಕೇಳುವ ಚಟಪಟ ಸದ್ದು. ಜನ ಇವೆರಡನ್ನೂ ಬೇರೆ ಬೇರೆ ಕಾಯಿಲೆ ಅಂದುಕೊಂಡು ಬೇರೆ ಬೇರೆ ಮದ್ದು ಹುಡುಕುತ್ತಾರೆ. ತಡ ಕಡಿಮೆ ಮಾಡಲು ಹೋದರೆ ಚಟಪಟ ಶುರುವಾಗುತ್ತದೆ, ಚಟಪಟ ನಿಲ್ಲಿಸಲು ಹೋದರೆ ತಡ ಬೆಳೆಯುತ್ತದೆ. ಎರಡಕ್ಕೂ ಬೇರು ಒಂದೇ.

ಲೆಕ್ಕ ಸುಲಭ. ಬಫರ್ 128 ಸ್ಯಾಂಪಲ್, ಅಂದರೆ 128 ಅಳತೆಗಳಷ್ಟು, ಇದ್ದರೆ 48,000ದ ದರದಲ್ಲಿ ಅದು 2.7 ಮಿಲಿಸೆಕೆಂಡ್. 256 ಆದರೆ 5.3. 1024 ಆದರೆ 21.3. ಒಳಗೆ ಬರುವಾಗ ಒಂದು ಸಲ, ಹೊರಗೆ ಹೋಗುವಾಗ ಒಂದು ಸಲ, ಹಾಗಾಗಿ ಎರಡರಿಂದ ಗುಣಿಸಿ. ಅದರ ಮೇಲೆ ಇಂಟರ್‌ಫೇಸ್ ಸದ್ದನ್ನು ಅಂಕಿ ಮಾಡಲು, ಅಂಕಿಯನ್ನು ಸದ್ದು ಮಾಡಲು, ಯುಎಸ್‌ಬಿ ದಾಟಲು ಇನ್ನೊಂದಷ್ಟು. 1024ರಲ್ಲಿ ಒಟ್ಟು ತಡ 45 ಮಿಲಿಸೆಕೆಂಡ್ ದಾಟುತ್ತದೆ. ವಿಂಡೋಸ್‌ನ ಮಾಮೂಲಿ ಹಳೆಯ ದಾರಿಯಲ್ಲಿ ಹೋದರೆ 100 ದಾಟುವುದೂ ಉಂಟು. ಅದಕ್ಕೇ ಸ್ಟೈನ್‌ಬರ್ಗ್ ಕಂಪನಿ 1997ರಲ್ಲಿ ಏಸಿಯೊ ಅನ್ನುವ ನೇರ ದಾರಿ ಮಾಡಿತು. ನಡುವಿನ ಪದರಗಳನ್ನು ಬಿಟ್ಟು ರೆಕಾರ್ಡಿಂಗ್ ಸಾಫ್ಟ್‌ವೇರ್ ನೇರವಾಗಿ ಇಂಟರ್‌ಫೇಸ್ ಜೊತೆ ಮಾತಾಡುತ್ತದೆ. ಇಂಟರ್‌ಫೇಸ್ ತಯಾರಿಸಿದವರೇ ಕೊಡುವ ಏಸಿಯೊ ಡ್ರೈವರ್ (ಸಾಧನವನ್ನು ಕಂಪ್ಯೂಟರ್ ನಡೆಸಲು ಬೇಕಾದ ಪ್ರೋಗ್ರಾಂ) ಹಾಕಿಕೊಳ್ಳುವುದು ಮೊದಲ ಕೆಲಸ. ಅಂಥದ್ದು ಇಲ್ಲದ ಸಾಧನಕ್ಕೆ ಏಸಿಯೊ ಫಾರ್ ಆಲ್ ಇದೆ. ಅದು ವಿಂಡೋಸ್‌ನ ಡ್ರೈವರ್ ಮೇಲೇ ಕೂತು ಕೆಲಸ ಮಾಡುತ್ತದೆ. ಉಪಯೋಗ ಆಗುತ್ತದೆ, ಆದರೆ ಸಾಧನದ ಸ್ವಂತ ಡ್ರೈವರ್‌ಗೆ ಸಮ ಅಲ್ಲ. ಮ್ಯಾಕ್‌ನಲ್ಲಿ ಈ ತಾಪತ್ರಯ ಕಡಿಮೆ, ಕೋರ್ ಆಡಿಯೊ ಅನ್ನುವ ಅಂಥದೇ ದಾರಿ ಒಳಗೇ ಇದೆ.

ಎಷ್ಟು ತಡ ಇದ್ದರೆ ಪರವಾಗಿಲ್ಲ? ಇದಕ್ಕೆ ಗಾಳಿಯನ್ನೇ ಕೇಳಬೇಕು. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ, ಅಂದರೆ ಒಂದು ಮಿಲಿಸೆಕೆಂಡಿಗೆ ಒಂದಡಿಗಿಂತ ಸ್ವಲ್ಪ ಜಾಸ್ತಿ. ಕಚೇರಿಯಲ್ಲಿ ಮೃದಂಗದವರು ಹಾಡುವವರಿಂದ ಒಂದೂವರೆ ಮೀಟರ್ ದೂರ ಕೂತರೆ ಸುಮಾರು ನಾಲ್ಕೂವರೆ ಮಿಲಿಸೆಕೆಂಡ್ ತಡ ಹೇಗೂ ಇದೆ. ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಚಪ್ಪರದಲ್ಲಿ ವೇದಿಕೆಯಿಂದ 34 ಮೀಟರ್ ಹಿಂದೆ ಕೂತವರಿಗೆ ಗಾಳಿಯಲ್ಲಿ ಬರುವ ಸದ್ದು 100 ಮಿಲಿಸೆಕೆಂಡ್ ತಡ. ಕೇಳುವವರಿಗೆ ಅದರಿಂದ ಏನೂ ತೊಂದರೆ ಇಲ್ಲ. ತೊಂದರೆ ಇರುವುದು ಹಾಡುವವರಿಗೆ. ಅದರಲ್ಲೂ ಗಾಯಕರಿಗೆ. ಕೀಬೋರ್ಡ್ ನುಡಿಸುವವರು 10 ಮಿಲಿಸೆಕೆಂಡನ್ನು ಗಮನಿಸದೆ ಇರಬಹುದು. ಹಾಡುವವರ ದನಿ ಅವರ ಮೂಳೆಯ ಮೂಲಕ ಕೂಡಲೇ ಕಿವಿಗೆ ತಲುಪಿರುತ್ತದೆ. ಅದರ ಹಿಂದೆಯೇ ಹೆಡ್‌ಫೋನಿನಿಂದ ಇನ್ನೊಂದು ಪ್ರತಿ ಬರುತ್ತದೆ. ಎರಡೂ ಒಂದಕ್ಕೊಂದು ತಾಗಿ ಕೆಲವು ಸ್ವರಗಳು ಸವೆದು ಹೋಗುತ್ತವೆ, ದನಿ ಟೊಳ್ಳಾಗಿ ಕೇಳುತ್ತದೆ. ದೊಡ್ಡಮ್ಮ ಬಾವಿ ಅಂದದ್ದು ಇದನ್ನೇ. ಅವರು ಅಷ್ಟು ಸರಿಯಾಗಿ ಹೇಳಿದ್ದರಿಂದಲೇ ನನಗೆ ಎಲ್ಲಿ ನೋಡಬೇಕು ಅಂತ ತಿಳಿಯಿತು.

ಇದಕ್ಕೆ ಒಳ್ಳೆಯ ಪರಿಹಾರ ಹೆಚ್ಚಿನ ಇಂಟರ್‌ಫೇಸ್‌ಗಳ ಮೇಲೇ ಇರುತ್ತದೆ. ಡೈರೆಕ್ಟ್ ಮಾನಿಟರ್ ಅಂತ ಒಂದು ಗುಂಡಿಯೋ ತಿರುಗಣಿಯೋ. ಅದನ್ನು ಒತ್ತಿದರೆ ಮೈಕಿನ ದನಿ ಕಂಪ್ಯೂಟರಿಗೆ ಹೋಗಿ ಬರುವ ತನಕ ಕಾಯದೆ ಅಲ್ಲಿಂದಲೇ ಹೆಡ್‌ಫೋನಿಗೆ ಬರುತ್ತದೆ. ಆಗ ಸಾಫ್ಟ್‌ವೇರ್‌ನಲ್ಲಿ ಆ ಟ್ರ್ಯಾಕಿನ ಮಾನಿಟರಿಂಗ್, ಅಂದರೆ ಹಾಡುವಾಗಲೇ ದನಿಯನ್ನು ವಾಪಸ್ ಕೇಳಿಸುವುದು, ಆಫ್ ಮಾಡಲೇಬೇಕು. ಇಲ್ಲದಿದ್ದರೆ ಎರಡು ದನಿ ಕೇಳುತ್ತವೆ. ಕೆಲವರಿಗೆ ಸ್ವಲ್ಪ ರಿವರ್ಬ್ ಇಲ್ಲದೆ ಹಾಡಲು ಆಗುವುದಿಲ್ಲ, ಒಣ ದನಿ ಕೇಳಿದರೆ ಮನಸ್ಸು ಏಳುವುದಿಲ್ಲ. ಅವರಿಗೆ ರಿವರ್ಬ್ ಮಾತ್ರ ಸಾಫ್ಟ್‌ವೇರ್‌ನಿಂದ ಕಳಿಸಬಹುದು, ಮೂಲ ದನಿ ಬೇಡ. ಪ್ರತಿಧ್ವನಿ ಹೇಗೂ ತಡವಾಗಿಯೇ ಬರಬೇಕಾದದ್ದು, ಇನ್ನು ಕೆಲವು ಮಿಲಿಸೆಕೆಂಡ್ ಸೇರಿದರೆ ಯಾರಿಗೂ ಗೊತ್ತಾಗುವುದಿಲ್ಲ. ದೊಡ್ಡಮ್ಮನಿಗೆ ಹೀಗೆ ಮಾಡಿಕೊಟ್ಟಾಗ ಅವರ ಭುಜ ಸಡಿಲವಾಯಿತು. ವೇಗ ಇಳಿಯುವುದು ಅಲ್ಲಿಗೆ ನಿಂತಿತು.

ಹಾಡುವವರೇ ಇಲ್ಲದ ಪರೀಕ್ಷೆ

ಆದರೂ ರೆಕಾರ್ಡ್ ಆದದ್ದನ್ನು ಹಾಕಿದರೆ ದನಿ ಮೃದಂಗಕ್ಕಿಂತ ಸ್ವಲ್ಪ ಹಿಂದೆ. ಈಗ ಹಾಡುವಾಗ ಕೇಳುವ ತಡ ಇಲ್ಲ. ಆದರೆ ಸಾಫ್ಟ್‌ವೇರ್ ದನಿಯನ್ನು ತಂದು ಇಡುವ ಜಾಗ ತಪ್ಪಿದೆ. ಮೃದಂಗ ಹೊರಗೆ ಹೋಗಲು ಹಿಡಿದ ಸಮಯ, ದನಿ ಒಳಗೆ ಬರಲು ಹಿಡಿದ ಸಮಯ, ಎರಡನ್ನೂ ಕಳೆದು ಅದು ದನಿಯನ್ನು ಅಷ್ಟು ಮೊದಲೇ ಬರುವಂತೆ ಸರಿಸಿ ಇಡಬೇಕು. ಎಷ್ಟು ಕಳೆಯಬೇಕು ಅಂತ ಅದಕ್ಕೆ ಡ್ರೈವರ್ ಹೇಳಬೇಕು. ಡ್ರೈವರ್ ಹೇಳುವ ಲೆಕ್ಕ ಯಾವಾಗಲೂ ಸರಿ ಇರುವುದಿಲ್ಲ. ಕೆಲವು ಸಾಫ್ಟ್‌ವೇರ್‌ಗಳಲ್ಲಿ ಒಂದು ಅಂದಾಜು ಅಂಕಿಯನ್ನು ಮೊದಲೇ ಬರೆದಿಟ್ಟಿರುತ್ತಾರೆ. ಎಲ್ಲರ ಕಂಪ್ಯೂಟರಿಗೂ ಒಂದೇ ಅಂಕಿ ಹೊಂದಲು ಸಾಧ್ಯವಿಲ್ಲ, ನಾವೇ ಅಳೆದು ತಿದ್ದಿಕೊಳ್ಳಲಿ ಅಂತ ಅದನ್ನು ತೆರೆದಿಟ್ಟಿರುತ್ತಾರೆ. ತಿದ್ದುವ ಜಾಗ ಹೆಚ್ಚಿನವುಗಳ ಸೆಟ್ಟಿಂಗ್ಸ್‌ನಲ್ಲಿ ಇರುತ್ತದೆ. ಅಲ್ಲಿಗೆ ಹೋಗುವವರು ಮಾತ್ರ ಕಡಿಮೆ.

ಅಳೆಯುವುದು ಹೇಗೆ ಅಂದರೆ, ಇಂಟರ್‌ಫೇಸ್‌ನ ಔಟ್‌ಪುಟ್‌ನಿಂದ ಅದರದೇ ಇನ್‌ಪುಟ್‌ಗೆ ಒಂದು ಕೇಬಲ್ ಹಾಕಬೇಕು. ಎರಡೂ ತುದಿಗೆ ಕಾಲು ಇಂಚಿನ ಜ್ಯಾಕ್ ಇರುವ ಕೇಬಲ್. ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರೋಡಿನಲ್ಲಿ ಕೇಳಿದರೆ ಸಿಗುತ್ತದೆ. ಡೈರೆಕ್ಟ್ ಮಾನಿಟರ್ ಆಫ್ ಇರಬೇಕು, ಸಾಫ್ಟ್‌ವೇರ್ ಮಾನಿಟರಿಂಗ್ ಕೂಡ ಆಫ್, ವಾಲ್ಯೂಮ್ ಸಣ್ಣದಾಗಿ. ಒಂದು ಟ್ರ್ಯಾಕಿನಲ್ಲಿ ಟಕ್ ಟಕ್ ಅನ್ನುವ ಕ್ಲಿಕ್ ಇಟ್ಟು ನುಡಿಸಿ, ಇನ್ನೊಂದು ಟ್ರ್ಯಾಕಿನಲ್ಲಿ ಅದನ್ನೇ ರೆಕಾರ್ಡ್ ಮಾಡಬೇಕು. ಆಮೇಲೆ ಹಿಗ್ಗಿಸಿ ನೋಡಿದರೆ ಎರಡು ಕ್ಲಿಕ್‌ಗಳ ನಡುವೆ ಇರುವ ಅಂತರವೇ ತಿದ್ದದೆ ಉಳಿದ ತಡ. ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಪಕ್ಕದಲ್ಲೇ ಕೂತು ನೋಡಿದರು. 40 ಮಿಲಿಸೆಕೆಂಡ್ ಅಂತರ ಇತ್ತು. ಎರಡನೇ ಕಾಲದಲ್ಲಿ ಒಂದು ಮಾತ್ರೆ 94 ಮಿಲಿಸೆಕೆಂಡ್. ಅದರಲ್ಲಿ ಅರ್ಧದ ಹತ್ತಿರ.

"ಇದರಲ್ಲಿ ಯಾರೂ ಹಾಡಿಲ್ಲ ಅಲ್ವೇನೋ?" ಅಂತ ಕೇಳಿದರು. "ಯಾರೂ ಇಲ್ಲ ದೊಡ್ಡಮ್ಮ. ಬರೀ ಕ್ಲಿಕ್ಕು, ಬರೀ ವೈರು." "ಹಾಗಾದ್ರೆ ಇದು ನಾನಲ್ಲ." ಅಷ್ಟೇ ಹೇಳಿ ಅಡುಗೆ ಮನೆಗೆ ಹೋಗಿ ಕಾಫಿಗೆ ಹಾಲಿಟ್ಟರು. ಪಾಠ ನಿಲ್ಲಿಸುವ ಮಾತು ಮತ್ತೆ ಬರಲಿಲ್ಲ. ನಾನು ಆ 40ನ್ನು ಸೆಟ್ಟಿಂಗ್ಸ್‌ಗೆ ಬರೆದೆ. ಅವರು ಆಗಲೇ ಹಾಡಿಟ್ಟಿದ್ದ ಟ್ರ್ಯಾಕ್‌ಗಳನ್ನು ಅಷ್ಟೇ ಎಡಕ್ಕೆ ಸರಿಸಿದೆ. ಬ್ಲೂಟೂತ್‌ನಲ್ಲಿ ಹಾಡಿದ ಹಳೆಯ ಟ್ರ್ಯಾಕ್‌ಗಳೂ ವ್ಯರ್ಥವಾಗಲಿಲ್ಲ. ಅವುಗಳನ್ನು ಇನ್ನೂ ಜಾಸ್ತಿ ಸರಿಸಬೇಕಾಯಿತು, ಕಿವಿಯಿಂದಲೇ ಹೊಂದಿಸಿದೆ. ಹೊಂದಿದ ಮೇಲೆ ಪ್ರತಿ ಎಡುಪ್ಪೂ, ಅಂದರೆ ತಾಳದಲ್ಲಿ ಸಾಲು ಶುರುವಾಗುವ ಜಾಗವೂ, ಸರಿಯಾಗೇ ಇತ್ತು. ಒಂದು ಮಾತು ನೆನಪಿಡಿ, ಬಫರ್ ಗಾತ್ರವನ್ನೋ ಡ್ರೈವರನ್ನೋ ಬದಲಾಯಿಸಿದರೆ ಈ ಅಳತೆಯನ್ನು ಮತ್ತೆ ಮಾಡಬೇಕು.

ಕರೆಂಟ್ ಹೋದ ಸಂಜೆ

ಚಟಪಟದ ಕಥೆ ಬೇರೆ ದಿನದ್ದು. ಮೇ ತಿಂಗಳ ಸಂಜೆ, ಮಳೆಗೆ ಮುಂಚೆ ಜೋರು ಗಾಳಿ ಎದ್ದು ಕರೆಂಟ್ ಹೋಯಿತು. ಮನೆಯಲ್ಲಿ ರೆಕಾರ್ಡ್ ಮಾಡುವವರಿಗೆ ಗೊತ್ತು, ಬೆಂಗಳೂರಿನಲ್ಲಿ ನಿಜವಾದ ನಿಶ್ಶಬ್ದ ಸಿಗುವುದು ಕರೆಂಟ್ ಹೋದಾಗ. ಫ್ರಿಜ್ ನಿಲ್ಲುತ್ತದೆ, ಪಕ್ಕದ ಮನೆಯ ಸಂಪಿನ ಮೋಟರ್ ನಿಲ್ಲುತ್ತದೆ, ಎದುರು ಕಟ್ಟುತ್ತಿರುವ ಕಟ್ಟಡದ ಕಟಿಂಗ್ ಮಷಿನ್ ನಿಲ್ಲುತ್ತದೆ. "ಈಗ ಹಾಡಿಬಿಡ್ತೀನಿ, ಬೇಗ ಆನ್ ಮಾಡು" ಅಂದರು ದೊಡ್ಡಮ್ಮ. ಕಲ್ಯಾಣಿಯಲ್ಲಿ ಒಂದು ಉಗಾಭೋಗ, ಮೃದಂಗ ಇಲ್ಲ, ತಂಬೂರ ಮಾತ್ರ. ಅಂದು ಅವರು ಹಾಡಿದ್ದನ್ನು ನಾನು ಮರೆಯಲಾರೆ. ಹಾಕಿ ಕೇಳಿದರೆ ಅಲ್ಲಲ್ಲಿ ಚಟ್, ಪಟ್ ಅಂತ ಸದ್ದು. ಎಣ್ಣೆಗೆ ಸಾಸಿವೆ ಬಿದ್ದ ಸದ್ದಿನ ತರಹ. ದೊಡ್ಡಮ್ಮ ಕಿಟಕಿ ಕಡೆ ನೋಡಿದರು. ಮಳೆ ಇನ್ನೂ ಶುರುವಾಗಿರಲಿಲ್ಲ.

ಇಂಥ ಸದ್ದು ಬಂದಾಗ ಮೊದಲು ಕೇಳಬೇಕಾದ ಪ್ರಶ್ನೆ, ಅದು ಪ್ರತಿ ಸಲ ಅದೇ ಜಾಗದಲ್ಲಿ ಬರುತ್ತದಾ? ಒಂದೊಂದು ಸಲ ಒಂದೊಂದು ಕಡೆ ಬಂದರೆ ರೆಕಾರ್ಡಿಂಗ್ ಚೆನ್ನಾಗಿದೆ, ನುಡಿಸುವಾಗ ಮಾತ್ರ ಕಂಪ್ಯೂಟರ್ ಏದುಸಿರು ಬಿಡುತ್ತಿದೆ. ಬಫರ್ ದೊಡ್ಡದು ಮಾಡಿದರೆ ಮುಗಿಯಿತು. ಅದೇ ಜಾಗದಲ್ಲಿ ಬಂದರೆ ಸದ್ದು ಟ್ರ್ಯಾಕಿನೊಳಗೇ ಸೇರಿದೆ. ಆಗ ಅಲೆಯನ್ನು ಹಿಗ್ಗಿಸಿ ನೋಡಬೇಕು. ತಾರಸ್ಥಾಯಿಯಲ್ಲಿ ಜೋರಾಗಿ ಹಾಡಿದ ಕಡೆ ಮಾತ್ರ ಅಲೆಯ ತಲೆ ಚಪ್ಪಟೆಯಾಗಿದ್ದರೆ ಅದು ಗೇನ್, ಅಂದರೆ ಮೈಕಿನ ಸದ್ದನ್ನು ಹಿಗ್ಗಿಸುವ ಮಟ್ಟ, ಜಾಸ್ತಿಯಾದದ್ದು, ಗೇನ್ ಇಳಿಸಿ ಮತ್ತೆ ಹಾಡಬೇಕು. ಅಲೆ ನಡುವೆಯೇ ಕತ್ತರಿಸಿದ ಹಾಗೆ ನೆಟ್ಟಗೆ ಮುರಿದಿದ್ದರೆ ಅದು ಬಫರ್ ಖಾಲಿ ಬಿದ್ದ ಜಾಗ. ಮೈಕಿನ ಕೇಬಲ್ ಮುಟ್ಟಿದರೆ ಸದ್ದು ಬಂದರೆ ಕೇಬಲ್ಲೇ ಹಾಳಾಗಿದೆ. ಉಗಾಭೋಗದ ಅಲೆ ನಡುನಡುವೆ ಮುರಿದಿತ್ತು.

ಕಾರಣ ಕರೆಂಟೇ. ಚಾರ್ಜರ್‌ಗೆ ವಿದ್ಯುತ್ ನಿಂತ ಕೂಡಲೇ ಲ್ಯಾಪ್‌ಟಾಪ್ ಬ್ಯಾಟರಿ ಉಳಿಸಲು ಪ್ರೊಸೆಸರ್ ವೇಗ ಇಳಿಸುತ್ತದೆ, ಯುಎಸ್‌ಬಿ ಪೋರ್ಟ್‌ಗಳನ್ನು ನಿದ್ದೆಗೆ ಕಳಿಸಲು ನೋಡುತ್ತದೆ. 128ರ ಬಫರ್‌ಗೆ ಕೆಲಸ ಮುಗಿಸಲು ಇರುವುದು 2.7 ಮಿಲಿಸೆಕೆಂಡ್. ಅಷ್ಟರಲ್ಲಿ ಮುಗಿಯದಿದ್ದರೆ ಆ ತುಣುಕು ಹೋಯಿತು. ವಿಂಡೋಸ್‌ನ ಪವರ್ ಪ್ಲಾನ್‌ನಲ್ಲಿ ಬ್ಯಾಟರಿಗೆ ಬೇರೆ, ಚಾರ್ಜರ್‌ಗೆ ಬೇರೆ ಸೆಟ್ಟಿಂಗ್ ಇರುತ್ತದೆ. ಹೆಚ್ಚಿನವರು ಚಾರ್ಜರ್‌ದನ್ನು ಮಾತ್ರ ಹೈ ಪರ್ಫಾರ್ಮೆನ್ಸ್ ಮಾಡಿ ಸುಮ್ನಾಗುತ್ತಾರೆ. ಎರಡನ್ನೂ ಮಾಡಬೇಕು, ಪೋರ್ಟ್‌ಗಳನ್ನು ನಿದ್ದೆಗೆ ಕಳಿಸುವ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಆಫ್ ಮಾಡಬೇಕು. ವೈ-ಫೈ ಡ್ರೈವರ್, ಗ್ರಾಫಿಕ್ಸ್ ಡ್ರೈವರ್, ಬ್ಯಾಟರಿಯ ಮಟ್ಟ ಆಗಾಗ ವಿಚಾರಿಸುವ ಡ್ರೈವರ್, ಇವು ಮಧ್ಯೆ ನುಗ್ಗಿ ಪ್ರೊಸೆಸರನ್ನು ಹಿಡಿದಿಟ್ಟುಕೊಂಡರೂ ಹೀಗೇ ಆಗುತ್ತದೆ. ಯಾವುದು ಹಿಡಿದಿಟ್ಟಿದೆ ಅಂತ ತೋರಿಸಲು ಲೇಟೆನ್ಸಿಮಾನ್ ಅನ್ನುವ ಪ್ರೋಗ್ರಾಂ ಇದೆ. ಹಾಡುವ ಹೊತ್ತಿಗೆ ವೈ-ಫೈ ಆಫ್ ಮಾಡಿ ನೋಡುವುದು ಇದ್ದದ್ದರಲ್ಲೇ ಸುಲಭದ ಪರೀಕ್ಷೆ, ಎಷ್ಟೋ ಸಲ ಅಷ್ಟರಲ್ಲೇ ಸರಿ ಹೋಗುತ್ತದೆ. ಇಂಟರ್‌ಫೇಸನ್ನು ಹಬ್ ಮೂಲಕ ಹಾಕದೆ ನೇರವಾಗಿ ಲ್ಯಾಪ್‌ಟಾಪಿಗೆ ಚುಚ್ಚುವುದೂ ಅಷ್ಟೇ ಮುಖ್ಯ.

ಗುಂಯ್ ಅನ್ನುವ ಸದ್ದು ಬಂದರೆ ಮಾತ್ರ ಇದೆಲ್ಲ ತಲೆಕೆಳಗು. ಅದು ಚಾರ್ಜರ್‌ನಿಂದ, ಅರ್ತಿಂಗ್ ಸರಿಯಿಲ್ಲದ ಪ್ಲಗ್‌ನಿಂದ, ಸ್ಕ್ವೇರ್ ವೇವ್ ಯುಪಿಎಸ್‌ನಿಂದ ಬರುತ್ತದೆ. ಆಗ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಹಾಡಬೇಕು. ಚಟಪಟಕ್ಕೆ ಚಾರ್ಜರ್ ಹಾಕು, ಗುಂಯ್‌ಗೆ ಚಾರ್ಜರ್ ತೆಗೆ. ಯಾರಾದರೂ "ಸೌಂಡಲ್ಲಿ ಏನೋ ತೊಂದರೆ" ಅಂತ ಕೇಳಿದರೆ ನಾನು ಮೊದಲು ಆ ಸದ್ದನ್ನು ಬಾಯಲ್ಲಿ ಮಾಡಿ ತೋರಿಸಿ ಅನ್ನುತ್ತೇನೆ. ಅರ್ಧ ಉತ್ತರ ಅದರಲ್ಲೇ ಇರುತ್ತದೆ.

ಇನ್ನೊಂದು ಸಣ್ಣ ವಿಷಯ. ಸೆಕೆಂಡಿಗೆ ಎಷ್ಟು ಸಲ ಅಳೆಯಬೇಕು ಅನ್ನುವ ದರ ಇಂಟರ್‌ಫೇಸ್‌ನಲ್ಲಿ 48,000, ಸಾಫ್ಟ್‌ವೇರ್‌ನ ಪ್ರಾಜೆಕ್ಟಿನಲ್ಲಿ 44,100 ಇದ್ದರೂ ಕರಕರ ಬರುತ್ತದೆ. 48,000ದಲ್ಲಿ ಹಾಡಿದ್ದನ್ನು ಬದಲಾಯಿಸದೆ 44,100ರಲ್ಲಿ ನುಡಿಸಿದರೆ ಶ್ರುತಿ ಒಂದೂವರೆ ಸ್ವರಸ್ಥಾನದಷ್ಟು ಇಳಿಯುತ್ತದೆ, ಕಾಲವೂ ನಿಧಾನವಾಗುತ್ತದೆ.     

ತೀರ್ಪು ಕೊಡುವ ಮೊದಲು

ಹಾಡುವಾಗ ಪ್ಲಗಿನ್‌ಗಳನ್ನೆಲ್ಲ (ಸದ್ದನ್ನು ತಿದ್ದಲು ಸಾಫ್ಟ್‌ವೇರ್‌ಗೆ ಸೇರಿಸುವ ಪ್ರೋಗ್ರಾಂಗಳು) ಆಫ್ ಮಾಡಿ ಬಫರ್ ಚಿಕ್ಕದಿಡಿ, ಮಿಕ್ಸ್ ಮಾಡುವಾಗ 1024 ಮಾಡಿಕೊಳ್ಳಿ. ಇದನ್ನು ಎಲ್ಲರೂ ಹೇಳುತ್ತಾರೆ, ಸರಿಯಾಗೇ ಹೇಳುತ್ತಾರೆ. ನಾನು ಹೇಳಬೇಕೆಂದಿರುವುದು ಕೇಳುವವರಿಗೆ. ಸ್ಪರ್ಧೆಗೆ ಬಂದ ರೆಕಾರ್ಡಿಂಗ್ ಕೇಳುವವರಿಗೆ, ಶಿಷ್ಯರು ಕಳಿಸಿದ್ದನ್ನು ಕೇಳುವ ಮೇಷ್ಟ್ರುಗಳಿಗೆ. ಮಗು ಹಿಂದೆ ಇದೆ ಅನಿಸಿದರೆ ಇನ್ನೊಂದು ಸಲ ಕೇಳಿ. ಹಿಂದಿರುವುದು ಎಲ್ಲ ಕಡೆ ಒಂದೇ ಅಳತೆಯಲ್ಲಿದೆಯಾ? ಹಾಗಿದ್ದರೆ ಅಂಕ ಕಳೆಯುವ ಮೊದಲು "ಯಾವ ಹೆಡ್‌ಫೋನ್ ಹಾಕಿದ್ದೆ?" ಅಂತ ಒಂದು ಪ್ರಶ್ನೆ ಕೇಳಿ. ಅಳತೆ ಬದಲಾಗುತ್ತಾ ಇದ್ದರೂ, ಹಾಡುತ್ತಾ ಹಾಡುತ್ತಾ ವೇಗ ಇಳಿದಿದ್ದರೂ, ಅದು ಮಗುವಿನದೇ ತಪ್ಪು ಅಂತ ಆಗುವುದಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರಿಸ್ ಚೇಫ್ ಮತ್ತು ಜೊತೆಗಾರರು ಇಬ್ಬರನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ, ಒಬ್ಬರ ಚಪ್ಪಾಳೆ ಇನ್ನೊಬ್ಬರಿಗೆ ತಡವಾಗಿ ಕೇಳುವಂತೆ ಮಾಡಿ ನೋಡಿದ್ದಾರೆ. ತಡ ಜಾಸ್ತಿಯಾದಷ್ಟೂ ಇಬ್ಬರೂ ನಿಧಾನವಾಗುತ್ತಾರೆ. ತಡ ತೀರಾ ಕಡಿಮೆಯಾದರೆ ಓಡುತ್ತಾರೆ. 10ರಿಂದ 20 ಮಿಲಿಸೆಕೆಂಡ್ ಆಸುಪಾಸಿನಲ್ಲಿ ಲಯ ನಿಲ್ಲುತ್ತದೆ. ಇನ್ನೊಬ್ಬರಿಗಾಗಿ ಕಾಯುವುದು ಮನುಷ್ಯರ ಸ್ವಭಾವ. ತಡವಾಗಿ ಬರುವ ದನಿಗಾಗಿಯೂ ನಾವು ಕಾಯುತ್ತೇವೆ.

ದೊಡ್ಡಮ್ಮನಿಗೆ ಈಗ ಬೇರೆಯದೇ ಆಸೆ. "ಆ ಹುಡುಗ ಟ್ರ್ಯಾಕ್ ಕಳಿಸೋದು, ನಾನು ಅದಕ್ಕೆ ಹಾಡೋದು, ಇದ್ಯಾಕೋ ಸರಿ ಬರಲ್ಲ ಕಣೋ. ಅವನು ಅವನ ಮನೆಯಲ್ಲೇ ಕೂತು ನನ್ನ ಜೊತೆ ಬಾರಿಸೋಕೆ ಆಗಲ್ವಾ?" ಅಂತ ಕೇಳುತ್ತಿದ್ದಾರೆ. ಆಗಬಹುದು. ಜಾಮುಲಸ್ ಅಂತ ಉಚಿತ ಪ್ರೋಗ್ರಾಂ ಇದೆ, ಇದಕ್ಕೆಂದೇ ಮಾಡಿದ್ದು. ಫೈಬರ್‌ನೊಳಗೆ ಬೆಳಕು ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿಲೋಮೀಟರ್ ಹೋಗುತ್ತದೆ. ತ್ಯಾಗರಾಜನಗರದಿಂದ ರಾಜಾಜಿನಗರ ಅದಕ್ಕೆ ಲೆಕ್ಕವೇ ಅಲ್ಲ. ಎರಡು ಮನೆಯ ವೈ-ಫೈ, ರೌಟರ್, ನಡುವಿನ ಸರ್ವರ್, ಎರಡು ಕಡೆಯ ಬಫರ್, ಕಾಲ ಹೋಗುವುದು ಇಲ್ಲಿ. ಹುಡುಗನಿಗೆ ಮೃದಂಗದ ಕೋಣೆಗೆ ಲ್ಯಾನ್ ಕೇಬಲ್ ಎಳೆಸಲು ಹೇಳಿದ್ದೇನೆ, ಒಪ್ಪಿದ್ದಾನೆ. ದೊಡ್ಡಮ್ಮನ ಮನೆಯಲ್ಲಿ ರೌಟರ್ ಇರುವುದು ಹಾಲ್‌ನಲ್ಲಿ. ಅಲ್ಲಿಂದ ದೇವರ ಮನೆ ಪಕ್ಕದ ಕೋಣೆಗೆ ಬರಬೇಕಾದರೆ ಒಂದು ಗೋಡೆ ಕೊರೆಯಬೇಕು. ದೊಡ್ಡಪ್ಪ ಇನ್ನೂ ಹೂಂ ಅಂದಿಲ್ಲ.